ಅದು ಬರೀ ಊಟ ಅಲ್ವಾ ಸಾರ್?

ನಮಸ್ಕಾರ ಕೇಳುಗರೇ. ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಕೌಂಟರ್ ಹಿಂದೆ ನಿಂತು 30 ವರ್ಷ ಆಯ್ತು. ಇವತ್ತು ಮಾತಾಡೋದು ಪುಡಿ, ಕ್ಯಾಪ್ಸೂಲು, ಜ್ಯೂಸು ಅಂತ ನಾವು ಡಾಕ್ಟರ ಮಾತ್ರೆ ಜೊತೆಜೊತೆಗೇ ನುಂಗ್ತೀವಲ್ಲ, ಅದರ ಬಗ್ಗೆ. ಇವನ್ನೆಲ್ಲ ನಾನೂ ಮಾರ್ತೀನಿ, ಸುಳ್ಳು ಯಾಕೆ ಹೇಳ್ಲಿ, ಮಾರ್ಜಿನ್ನೂ ಚೆನ್ನಾಗಿರುತ್ತೆ.

ನಮ್ಮ ಅಂಗಡಿಗೆ ಒಬ್ರು ಮೇಷ್ಟ್ರು ಬರ್ತಾರೆ, ಹಾರ್ಟ್ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದೇ ಇರ್ಲಿ ಅಂತ ದಿನಾ ಅಸೆನೊಕೂಮರಾಲ್ ಮಾತ್ರೆ. ಈ ಮಾತ್ರೆ ತಗೊಳ್ಳೋರು ಆಗಾಗ ಐಎನ್‌ಆರ್ ಅಂತ ಟೆಸ್ಟ್ ಮಾಡಿಸ್ಬೇಕು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಲೆಕ್ಕ ಅದು, ಮಾತ್ರೆ ತಗೊಳ್ದೇ ಇರೋರಿಗೆ 1ರ ಆಸುಪಾಸು ಇರುತ್ತೆ, ಇವರಿಗೆ ಡಾಕ್ಟರ್ ಹೇಳಿದ್ದು 2.5ರಿಂದ 3.5ರ ಒಳಗೆ ಇರ್ಬೇಕು ಅಂತ. ಎಷ್ಟೋ ತಿಂಗಳು ಸರಿಯಾಗಿತ್ತು, ಇದ್ದಕ್ಕಿದ್ದಂಗೆ 1.6ಕ್ಕೆ ಇಳೀತು. ಡಾಕ್ಟರ್ ಕೇಳಿದ್ರಂತೆ, ಬೇರೆ ಏನಾದ್ರೂ ತಗೊಳ್ತಾ ಇದ್ದೀರಾ? ಇಲ್ಲ ಅಂದ್ರಂತೆ. ಸರಿ, ಡೋಸ್ ಏರಿಸಿದ್ರು. ಒಂದೂವರೆ ತಿಂಗಳು ಕಳೀತು, ಹಲ್ಲುಜ್ಜುವಾಗ ವಸಡಲ್ಲಿ ರಕ್ತ, ಕೈಮೇಲೆ ಎಲ್ಲೂ ತಗುಲದೇ ನೀಲಿ ಕಲೆ, ಟೆಸ್ಟ್ ಮಾಡಿಸಿದ್ರೆ 6ರ ಮೇಲೆ.

ಏನಾಗಿತ್ತು ಅಂದ್ರೆ, ಮಗಳು ಒಂದು ಡಬ್ಬ ನುಗ್ಗೆಸೊಪ್ಪಿನ ಪುಡಿ ತಂದುಕೊಟ್ಟಿದ್ಲು, ದಿನಾ ಎರಡು ಚಮಚ ಮಜ್ಜಿಗೆಗೆ ಹಾಕ್ಕೊಂಡು ಕುಡೀತಿದ್ರು. ಕಡು ಹಸಿರು ಸೊಪ್ಪಲ್ಲೆಲ್ಲ ವಿಟಮಿನ್ ಕೆ ಇರುತ್ತೆ, ರಕ್ತ ಹೆಪ್ಪುಗಟ್ಟೋಕೆ ಅದು ಬೇಕು, ಈ ಮಾತ್ರೆ ಕೆಲಸವೇ ವಿಟಮಿನ್ ಕೆಗೆ ಅಡ್ಡಗಾಲು ಹಾಕೋದು. ಪುಡಿ ಶುರುವಾಯ್ತು, ಮಾತ್ರೆ ಸೋತಿತು, ಡೋಸ್ ಏರಿತು. ಆಮೇಲೆ ಡಬ್ಬ ಖಾಲಿಯಾಯ್ತು, ಪುಡಿ ನಿಂತಿತು, ಏರಿಸಿದ ಡೋಸ್ ಮಾತ್ರ ಹಂಗೇ ಉಳೀತು! ಪುಡಿ ಶುರು ಮಾಡಿದಾಗ ಆಗಿದ್ದಕ್ಕಿಂತ ನಿಲ್ಲಿಸಿದಾಗ ಆಗಿದ್ದೇ ಜಾಸ್ತಿ ಭಯದ್ದು. ಯಾಕ್ ಸಾರ್ ಡಾಕ್ಟ್ರಿಗೆ ಹೇಳ್ಲಿಲ್ಲ ಅಂದೆ. "ಅದು ಬರೀ ಊಟ ಅಲ್ವೇನಪ್ಪಾ" ಅಂದ್ರು. ಅವರು ಸುಳ್ಳು ಹೇಳಿರ್ಲಿಲ್ಲ, ನಿಜವಾಗ್ಲೂ ಹಂಗೇ ಅಂದ್ಕೊಂಡಿದ್ರು.

ತಮಾಷೆ ನೋಡಿ, ಈ ಜಾತಿ ಮಾತ್ರೆ ಹುಟ್ಟಿದ್ದೇ ಹುಲ್ಲಿಂದ. 1920ರ ದಶಕದಲ್ಲಿ ಅಮೆರಿಕ, ಕೆನಡಾ ಕಡೆ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯ್ತಿದ್ವು, ಅದರ ಕಾರಣ ಹುಡುಕ್ತಾ ಹೋಗಿ ವಾರ್ಫರಿನ್ ಬಂತು, ಮೊದ್ಲು ಇಲಿ ಪಾಷಾಣ, ಆಮೇಲೆ 1954ರಲ್ಲಿ ಮನುಷ್ಯರಿಗೆ ಔಷಧಿ. ಮೇವು ಯಾವ್ದು, ವಿಷ ಯಾವ್ದು, ಮದ್ದು ಯಾವ್ದು, ಗೆರೆ ಎಲ್ಲಿ ಎಳೀತೀರಿ ಹೇಳಿ.

ಈಗ ಅರಿಶಿನಕ್ಕೆ ಬರೋಣ. ಹುಳಿ ಸಾರಿನ ಅರಿಶಿನಕ್ಕೆ ಯಾರೂ ಹೆದರ್ಬೇಡಿ. ಆದ್ರೆ ಅರಿಶಿನ ಪುಡಿಯಲ್ಲಿ ಅದರ ಸತ್ವ ಕರ್ಕ್ಯುಮಿನ್ ಇರೋದು ಸುಮಾರು 3 ಪರ್ಸೆಂಟ್ ಅಷ್ಟೇ, ಕ್ಯಾಪ್ಸೂಲ್ ಮೇಲೆ 500 ಎಂಜಿ, 95 ಪರ್ಸೆಂಟ್ ಅಂತ ಬರೆದಿರುತ್ತೆ, ಲೆಕ್ಕ ಹಾಕಿದ್ರೆ ಒಂದೇ ಕ್ಯಾಪ್ಸೂಲು ಸುಮಾರು 15 ಗ್ರಾಂ ಅರಿಶಿನ, ಅಂದ್ರೆ ಐದು ಟೀ ಚಮಚದ ಹತ್ರ, ಯಾವ ಅಡುಗೆ ಭಟ್ಟರೂ ಒಬ್ಬರ ಎಲೆಗೆ ಅಷ್ಟು ಹಾಕಲ್ಲ. ಅದರ ಜೊತೆ ಕರಿಮೆಣಸಿನ ಸತ್ವ ಪೈಪರಿನ್ ಬೇರೆ ಸೇರಿಸಿರ್ತಾರೆ. ಯಾಕೆ ಅಂದ್ರೆ 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಿಂದ ಒಂದು ಅಧ್ಯಯನ ಬಂತು, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಎಂಜಿ ಪೈಪರಿನ್ ಕೊಟ್ರೆ ರಕ್ತಕ್ಕೆ ಸೇರೋದು 2000 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂತ. ಪ್ರಪಂಚದ ಮೂಲೆಮೂಲೆಯ ಡಬ್ಬಗಳ ಮೇಲೆ ಇವತ್ತು ಆ 2000 ಅನ್ನೋ ನಂಬರ್ ಕೂತಿದೆ, ಹೆಮ್ಮೆ ಪಡ್ಬೇಕಾದ್ದೇ. ಆದ್ರೆ ಪೈಪರಿನ್ ಮಾಡೋದೇನು, ಕರುಳು ಮತ್ತು ಲಿವರ್‌ನಲ್ಲಿ ಔಷಧಿ ಒಡೆಯೋ ಕಾವಲುಗಾರರನ್ನ ಮಂಕು ಮಾಡೋದು. ಕಾವಲುಗಾರ ತೂಕಡಿಸಿದ್ರೆ ನೆಂಟರೂ ಒಳಗೆ ಬರ್ತಾರೆ, ಕಳ್ಳರೂ ಬರ್ತಾರೆ. ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡೋ ಪ್ರೊಪ್ರನಲಾಲ್, ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್, ಇವೆಲ್ಲ ಪೈಪರಿನ್ ಜೊತೆ ರಕ್ತದಲ್ಲಿ ಏರ್ತವೆ. ಇದು ಎಷ್ಟು ನಿಜ ಅಂದ್ರೆ ನಮ್ಮ ದೇಶದಲ್ಲೇ ಟಿಬಿಗೆ ಒಂದು ಮಾತ್ರೆ ಬಂದಿತ್ತು, ರಿಫಾಂಪಿಸಿನ್ 450 ಎಂಜಿ ಹಾಕೋ ಕಡೆ 200 ಎಂಜಿ ಹಾಕಿ, 10 ಎಂಜಿ ಪೈಪರಿನ್ ಸೇರಿಸಿ. ಜೊತೆಗೆ ಇಂಥ ಗಟ್ಟಿ ಅರಿಶಿನ ಕ್ಯಾಪ್ಸೂಲಿಂದ ಲಿವರ್ ಕೆಟ್ಟ ಕೇಸುಗಳು ಇಟಲಿಯಲ್ಲೂ ಅಮೆರಿಕದಲ್ಲೂ ದಾಖಲಾಗಿವೆ, ಕಣ್ಣು ಹಳದಿ, ಮೂತ್ರ ಟೀ ಬಣ್ಣ ಆದ್ರೆ ಕ್ಯಾಪ್ಸೂಲ್ ಅಲ್ಲಿಗೇ ಬಿಟ್ಟು ಡಾಕ್ಟರ ಹತ್ರ ಓಡಿ.

ಇನ್ನೊಂದು, ಗ್ಯಾಪ್ ಕೊಟ್ಟು ತಗೊಂಡ್ರೆ ಏನೂ ಆಗಲ್ಲ ಅಂತಾರಲ್ಲ, ಅದು ಅರ್ಧ ನಿಜ. ಥೈರಾಯ್ಡ್ ಮಾತ್ರೆಗೆ ನಿಜ, ಖಾಲಿ ಹೊಟ್ಟೇಲಿ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ, ಕ್ಯಾಲ್ಸಿಯಂ, ಐರನ್ ಇದ್ರೆ ನಾಲ್ಕು ಗಂಟೆ ಬಿಟ್ಟು. ಎಷ್ಟೋ ಜನ ಮಾತ್ರೇನ ರಾಗಿ ಮಾಲ್ಟ್ ಜೊತೆನೇ ನುಂಗ್ತಾರೆ, 100 ಗ್ರಾಂ ರಾಗೀಲಿ 350 ಎಂಜಿ ಹತ್ರ ಕ್ಯಾಲ್ಸಿಯಂ ಇದೆ, ಅದರ ಮೇಲೆ ಹೆಲ್ತ್ ಮಿಕ್ಸ್‌ನವರು ಸೋಯಾ, ಐರನ್ ಬೇರೆ ಬೆರೆಸಿರ್ತಾರೆ, ಮಾತ್ರೆ ಒಂದಷ್ಟು ಅದಕ್ಕೆ ಅಂಟ್ಕೊಂಡು ಹಂಗೇ ಹೊರಗೆ ಹೋಗುತ್ತೆ. ಇಲ್ಲಿ ಟೈಮ್ ಬದಲಾಯಿಸಿದ್ರೆ ಸಾಕು, ರಾಗಿ ಬಿಡೋದೇನೂ ಬೇಕಿಲ್ಲ.

ಆದ್ರೆ ಚಕ್ಕೋತದ ಕಥೆ ಬೇರೆ. 1989ರಲ್ಲಿ ಕೆನಡಾದಲ್ಲಿ ಫೆಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಜೊತೆ ಆಲ್ಕೋಹಾಲ್ ಕೊಟ್ಟು ಪರೀಕ್ಷೆ ಮಾಡ್ತಿದ್ರು, ಆಲ್ಕೋಹಾಲ್ ರುಚಿ ಗೊತ್ತಾಗದೇ ಇರ್ಲಿ ಅಂತ ಗ್ರೇಪ್‌ಫ್ರೂಟ್ ಜ್ಯೂಸ್ ಬೆರೆಸಿದ್ರು, ನೋಡಿದ್ರೆ ಜ್ಯೂಸಿಂದಲೇ ಔಷಧಿ ಮಟ್ಟ ಏರಿಬಿಟ್ಟಿತ್ತು. ಗ್ರೇಪ್‌ಫ್ರೂಟ್ ನಮಗೇನು ಅನ್ಬೇಡಿ, ಅದು ಚಕ್ಕೋತದ ಮಗು, ಜಿಐ ಟ್ಯಾಗ್ ಇರೋ ನಮ್ಮ ದೇವನಹಳ್ಳಿ ಚಕ್ಕೋತ ಅದೇ ವಂಶ. ಇದು ಔಷಧಿ ಒಡೆಯೋ ಕರುಳಿನ ಕಿಣ್ವವನ್ನೇ ಕೆಡಿಸಿಬಿಡುತ್ತೆ, ಹೊಸದು ಹುಟ್ಟೋಕೆ ಒಂದೆರಡು ದಿನ ಬೇಕು, ಹಾಗಾಗಿ ಬೆಳಿಗ್ಗೆ ಹಣ್ಣು ರಾತ್ರಿ ಮಾತ್ರೆ ಅಂದ್ರೂ ಪ್ರಯೋಜನ ಇಲ್ಲ. ಕಿಡ್ನಿ ಕಸಿ ಆದವರ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ತಗೊಳ್ಳೋರು ಚಕ್ಕೋತ ತಿನ್ನೋಕೆ ಮುಂಚೆ ಡಾಕ್ಟರನ್ನ ಕೇಳ್ಲೇಬೇಕು.

ಹಾಂ, ಕೂದಲು ಉದುರುತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೊಳ್ಳೋರು. ಇದು ಮಾತ್ರೆ ಕೆಡಿಸಲ್ಲ, ರಿಪೋರ್ಟ್ ಕೆಡಿಸುತ್ತೆ. ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್ಎಚ್ ಅನ್ನೋ ಥೈರಾಯ್ಡ್ ಟೆಸ್ಟಲ್ಲಿ ನಿಜಕ್ಕಿಂತ ಕಮ್ಮಿ ನಂಬರ್ ತೋರಿಸುತ್ತೆ, ಅದು ಕಮ್ಮಿ ಇದ್ರೆ ಥೈರಾಯ್ಡ್ ಜಾಸ್ತಿಯಾಗಿದೆ ಅಂತ ತಿಳ್ಕೊಂಡು ಇರೋ ಡೋಸ್ ಇಳಿಸಿಬಿಡ್ಬೋದು. ರಕ್ತ ಕೊಡೋಕೆ ಎರಡು ದಿನ ಮುಂಚೆ ಬಿಡ್ಬೇಕಾ ಅಂತ ಲ್ಯಾಬಲ್ಲಿ ಕೇಳಿ.

ಹಂಗಂತ ಎಲ್ಲ ಡಬ್ಬನೂ ಚರಂಡಿಗೆ ಸುರೀರಿ ಅಂತಿಲ್ಲ. ಡಾಕ್ಟರ ಹತ್ರ ಹೋಗುವಾಗ ಡಬ್ಬಗಳನ್ನೇ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ, ಹೆಸರು ಹೇಳಿದ್ರೆ ಪ್ರಯೋಜನ ಇಲ್ಲ, ಹಿಂದಿನ ಲೇಬಲ್ ಬೇಕು. ಒಟ್ಟಿಗೆ ಮೂರು ಶುರು ಮಾಡ್ಬೇಡಿ, ತೊಂದರೆ ಆದ್ರೆ ಯಾವ್ದರಿಂದ ಅಂತ ಗೊತ್ತಾಗಲ್ಲ. ತಂದಿದ್ದು ನಿಲ್ಲಿಸಿದ್ರೂ ಹೇಳಿ. ಏನಾದ್ರೂ ಅಡ್ಡಪರಿಣಾಮ ಆಗಿದ್ರೆ ಸರ್ಕಾರದ ಸಹಾಯವಾಣಿ ಇದೆ, 1800 180 3024, ನಾವೇ ಫೋನ್ ಮಾಡಿ ಹೇಳ್ಬೋದು.

ನಾನಂತೂ ಮೇಷ್ಟ್ರ ಪ್ರಸಂಗ ಆದ್ಮೇಲೆ ಪ್ರಶ್ನೆನೇ ಬದಲಾಯಿಸಿಬಿಟ್ಟೆ. ಬೇರೆ ಔಷಧಿ ತಗೊಳ್ತೀರಾ ಅಂತ ಕೇಳಲ್ಲ, ಬೆಳಿಗ್ಗೆ ಎದ್ದು ಏನು ಕುಡೀತೀರಾ ಅಂತೀನಿ. ಮೊನ್ನೆ ಒಬ್ರು ಅಮ್ಮ, ಶುಗರ್‌ಗೆ ಗ್ಲಿಮೆಪಿರೈಡ್ ತಗೊಳ್ಳೋರು, ಹನ್ನೊಂದು ಗಂಟೆ ಹೊತ್ತಿಗೆ ಕೈಕಾಲು ನಡುಗಿ ಬೆವರುತ್ತೆ ಕಣಪ್ಪಾ ಅಂದ್ರು. ಬೆಳಿಗ್ಗೆ ಏನು ಕುಡೀತೀರಮ್ಮ ಅಂದೆ. "ಏನಿಲ್ಲಪ್ಪ, ಬರೀ ಬಿಸಿನೀರು" ಅಂದು ಚಿಲ್ಲರೆ ಎಣಿಸ್ಕೊಂಡು ಮೆಟ್ಟಿಲು ಇಳಿದ್ರು, ಇಳಿದೋರು ತಿರುಗಿ ನೋಡಿ, "ಅದಕ್ಕೆ ಎರಡು ಚಮಚ ಮೆಂತ್ಯದ ಪುಡಿ, ಆಮೇಲೆ ಹಾಗಲಕಾಯಿ ರಸ, ಅಷ್ಟೇ" ಅಂದ್ರು. ಮಾತ್ರೆ ಜೊತೆ ಇವೆರಡೂ ಸೇರಿ ಶುಗರ್ ತೀರಾ ಇಳಿಸ್ಬೋದು, ಆ ನಡುಕ, ಬೆವರು ಅದರದ್ದೇ ಇರ್ಬೋದು. ಬನ್ನಿ ಬನ್ನಿ ವಾಪಸ್ ಬನ್ನಿ ಅಂತ ಕರ್ದು ಅವರ ಚೀಟಿ ಹಿಂದೆ ಎರಡನ್ನೂ ದಪ್ಪಕ್ಷರದಲ್ಲಿ ಬರೆದುಕೊಟ್ಟೆ, ಇದನ್ನ ಇವತ್ತೇ ಡಾಕ್ಟರ್ ಕೈಗೆ ಕೊಡಿ ಅಂತ.