ಘಟ್ಟ ಇಳಿಯಬೇಡಿ, ಹತ್ತಿ

ಈ ವಿಡಿಯೊದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ಸ್ಪೀಕರ್ ಕೆಟ್ಟಿತೆಂದು ಮೊಬೈಲನ್ನು ಅಂಗೈಗೆ ಬಡಿಯುತ್ತ ಕೂರಬೇಡಿ. ಈಗ ಕೇಳುತ್ತಿರುವ ಕಿರ್ ಕಿರ್ ಸದ್ದು ನನ್ನ ಸೈಕಲ್ಲಿನ ಚೈನಿನದು. ಏದುಸಿರು ನನ್ನದು. ಉಳಿದ ಸದ್ದುಗಳ ಒಡೆಯರು ಯಾರೆಂದು, ಗೊತ್ತಾದಷ್ಟನ್ನು, ದಾರಿಯಲ್ಲಿ ಹೇಳುತ್ತ ಹೋಗುತ್ತೇನೆ.

ಕಳೆದ ವರ್ಷ ಉತ್ತರ ಕನ್ನಡದ ಇದೇ ದೊಡ್ಮನೆ ಘಟ್ಟವನ್ನು ಶಿರಸಿ ಕಡೆಯಿಂದ ಬಂದು ಇಳಿದಿದ್ದೆ. ಇಳಿಜಾರು ಎಂದರೆ ಯಾರಿಗೆ ಬೇಡ? ಆದರೆ ಅಂದು ಜಿನುಗು ಮಳೆ. ತಿರುವುಗಳಲ್ಲಿ ರಸ್ತೆಯಂಚಿಗೆ ಹಾವಸೆ. ಎರಡೂ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿತು. ಚಕ್ರದ ಅಂಚಿಗೆ ಮೆತ್ತಿಕೊಂಡ ಮರಳು ಸಾಣೆಕಲ್ಲಿನಂತೆ ಉಜ್ಜಿ, ಹಿಂದಿನ ವಾರವಷ್ಟೇ ಹಾಕಿಸಿದ್ದ ಬ್ರೇಕ್ ರಬ್ಬರ್ ಘಟ್ಟದ ಕೆಳಗಿನ ಸಂತೆಗುಳಿ ಮುಟ್ಟುವಷ್ಟರಲ್ಲಿ ಲೋಹ ಕಾಣುವಂತೆ ಸವೆದುಹೋಗಿತ್ತು. ಮುಂದಿನ ಹತ್ತು ಅಡಿ ಡಾಂಬರು ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಕೇಳಿದರೆ ಬರೀ ಗಾಳಿ, ಯಾರೋ ಮೈಕಿನ ಮೇಲೆ ಗೋಣಿಚೀಲ ಎಳೆದಂತೆ. ಅದನ್ನೆಲ್ಲ ಅಳಿಸಿ, ಎಲ್ಲಿಂದಲೋ ತಂದ ಕೊಳಲಿನ ನಾದ ಹಚ್ಚಿ, ಕಾಡಿನ ಮೌನದ ಬಗ್ಗೆ ನಾಲ್ಕು ಮಾತು ಸೇರಿಸಿ ಹಾಕಿಬಿಟ್ಟೆ. ನೋಡಿದವರು ಹೊಗಳಿದರು. ಆ ಹೊಗಳಿಕೆ ಓದುವಾಗ ನನಗೆ ಮುಖ ತಗ್ಗಿಸುವಂತಾಯಿತು.

ಹಾಗಾಗಿ ಈ ಸಲ ತಿರುವುಮುರುವು. ಬೆಳಕು ಹರಿಯುವ ಮುನ್ನ ಕುಮಟಾದಿಂದ ಹೊರಟಿದ್ದೇನೆ. ಸಂತೆಗುಳಿ ದಾಟಿ, ದೊಡ್ಮನೆ ಘಟ್ಟ ಹತ್ತಿ, ನಿಲ್ಕುಂದ, ಹೆಗ್ಗರಣಿ, ಅಲ್ಲಿಂದ ಅಮ್ಮಿನಳ್ಳಿಯ ಮೇಲೆ ಶಿರಸಿ. ಒಂದು ಇಡೀ ದಿನದ ಕೆಲಸ.

ಈ ದಾರಿಯೇ ಏಕೆ ಎಂದು ಕೇಳಿದರೆ, ಇದನ್ನು ಯಾರೂ ಅವಸರಕ್ಕೆ ಬಳಸುವುದಿಲ್ಲ. ಉತ್ತರ ಕನ್ನಡದ ಕರಾವಳಿಯಿಂದ ಘಟ್ಟದ ಮೇಲಕ್ಕೆ ಹೋಗಲು ಹಲವು ದಾರಿಗಳಿವೆ. ಅಂಕೋಲಾದಿಂದ ಯಲ್ಲಾಪುರಕ್ಕೆ ಏರುವ ಅರಬೈಲು ಘಟ್ಟ ಲಾರಿಗಳ ಪಾಲು. ಹೊನ್ನಾವರದ ಗೇರುಸೊಪ್ಪೆ ಘಟ್ಟದಲ್ಲಿ ಜೋಗಕ್ಕೆ ಹೋಗುವವರ ಕಾರುಗಳ ಸಾಲು. ಕುಮಟಾದಿಂದ ನೇರ ಶಿರಸಿಗೆ ಹೋಗುವ ದೇವಿಮನೆ ಘಟ್ಟದ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿ ಅಗಲವಾಗುತ್ತಿರುವುದು ನಿಮಗೆ ಗೊತ್ತೇ ಇದೆ. ಉಳಿದದ್ದು ಸಿದ್ದಾಪುರದ ಕಡೆಗೆ ಏರುವ ಈ ಕಿರಿದಾದ ರಸ್ತೆ. ಎದುರಿಗೆ ಬಸ್ಸು ಬಂದರೆ ಸೈಕಲ್ಲು ಕೂಡ ಅಂಚಿಗೆ ಸರಿದು ನಿಲ್ಲಬೇಕು. ಆ ಇಕ್ಕಟ್ಟೇ ಇದನ್ನು ಕಾಪಾಡಿದೆ. ಆದರೂ ಒಂದು ಎಚ್ಚರಿಕೆ: ದೇವಿಮನೆಯಲ್ಲಿ ಕೆಲಸಕ್ಕೆಂದೋ ಗುಡ್ಡ ಕುಸಿದೋ ರಸ್ತೆ ಬಂದಾದರೆ ಅಲ್ಲಿಯ ವಾಹನಗಳು ಇತ್ತ ತಿರುಗುತ್ತವೆ. ಹಿಂದಿನ ಸಂಜೆ ಕುಮಟಾ ಬಸ್ ನಿಲ್ದಾಣದಲ್ಲಿ ಯಾರಾದರೂ ಚಾಲಕರನ್ನು ಒಂದು ಮಾತು ಕೇಳಿಕೊಳ್ಳಿ. ಮೊಬೈಲಿನ ನಕ್ಷೆಗಿಂತ ಅವರ ಮಾತು ಪಕ್ಕಾ.

ಸಂತೆಗುಳಿಯವರೆಗಿನದನ್ನು ಓಡಿಸಿಬಿಡುತ್ತೇನೆ. ಗದ್ದೆ, ತೆಂಗು, ಶಾಲೆಗೆ ಹೊರಟ ಮಕ್ಕಳು, ನನ್ನ ಹೆಲ್ಮೆಟ್ಟಿಗೆ ಅವರ ನಗು.

ಇಲ್ಲಿಂದ ಏರು. ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರಕ್ಕೂ 34. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು, ಎರಡು ಮೀಟರಿಗೆ ತುಸು ಹೆಚ್ಚು ದಾರಿ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 8 ಕಿಲೋಮೀಟರ್ ದಾಟುವುದಿಲ್ಲ. ಪಂದ್ಯದವರು ನಗಬಹುದು. ಆದರೆ ಈ ವೇಗದಲ್ಲಿ ಕಿವಿಯಲ್ಲಿ ಗಾಳಿ ಮೊರೆಯುವುದಿಲ್ಲ. ಕಿವಿ ಪೂರ್ತಿ ಖಾಲಿ ಇರುತ್ತದೆ. ಬ್ರೇಕಿನ ಚಿಂತೆ ಇಲ್ಲದ್ದರಿಂದ ತಲೆ ಎತ್ತಿ ಮರ ನೋಡಬಹುದು.

ಘಟ್ಟದ ರಸ್ತೆಯ ಒಂದು ಗುಟ್ಟು ನನಗೆ ತಿಳಿದದ್ದು ಇವತ್ತೇ. ಗುಡ್ಡದ ಮಡಿಲಿಗೆ ಹೊಕ್ಕುವ ಪ್ರತಿ ಒಳತಿರುವಿನಲ್ಲಿ ಒಂದು ಹಳ್ಳ ಇಳಿದು ಬರುತ್ತದೆ. ಹೊರಕ್ಕೆ ಚಾಚಿದ ತಿರುವಿನಲ್ಲಿ ಕಣಿವೆಯ ಗಾಳಿ. ಹಾಗಾಗಿ ತಿರುವು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ನೀರಿನ ಸದ್ದು ಹತ್ತಿರವಾಯಿತೆಂದರೆ ಗೇರ್ ಇಳಿಸಿ, ರಸ್ತೆಯ ನಡುವಿಗೆ ಬನ್ನಿ, ಏಕೆಂದರೆ ಒದ್ದೆಯೂ ಹಾವಸೆಯೂ ಅಲ್ಲೇ. ಒಂದು ತಿರುವಿನಲ್ಲಿ ಕಣ್ಣು ಮುಚ್ಚಿ ಊಹಿಸಲು ಹೋದೆ. ಅದನ್ನು ನೀವು ಮಾಡಬೇಡಿ.

ಕೆಳಗೆ ಮತ್ತಿ, ನಂದಿ, ಹೊನ್ನೆಯ ಕಾಡು. ಬೇಸಿಗೆಯಲ್ಲಿ ಎಲೆ ಉದುರಿಸುವ ಮರಗಳೇ ಇಲ್ಲಿ ಹೆಚ್ಚು. ಏರುತ್ತ ಹೋದಂತೆ ಬೆಳಕು ತಗ್ಗಿ ಕಾನು ಶುರುವಾಗುತ್ತದೆ. ಈ ಸೀಮೆಯಲ್ಲಿ ನಿತ್ಯಹರಿದ್ವರ್ಣ ಕಾಡಿಗೆ ಕಾನು ಎಂಬ ಎರಡಕ್ಷರವೇ ಸಾಕು. ಇಲ್ಲಿಯ ಕಾನುಗಳೊಳಗೆ ಕೆಲವೆಡೆ ರಾಂಪತ್ರೆ ಜಡ್ಡಿಗಳಿವೆ: ವರ್ಷವಿಡೀ ನೀರು ನಿಂತ ಕೆಸರು ನೆಲ, ಅದರಲ್ಲಿ ಮಡಚಿದ ಮೊಣಕಾಲಿನಂತೆ ಬೇರುಗಳನ್ನು ಉಸಿರಾಟಕ್ಕೆ ಮೇಲೆತ್ತಿದ ಮರಗಳು. ಹುಡುಕಿಕೊಂಡು ಕಾಡಿಗೆ ಇಳಿಯಲು ಅನುಮತಿ ಬೇಕು. ಜತೆಗೆ ಉಂಬಳಗಳಿಗೆ ನಿಮ್ಮ ರಕ್ತವೂ ಬೇಕು.

ಈಗ ಒಂದು ನಿಮಿಷ ನಾನು ಸುಮ್ಮನಿರುತ್ತೇನೆ.

ಕೇಳಿಸಿತೇ? ಮೊದಲು ಬಂದ ಆ ಊಳು ಸಿಂಗಳೀಕದ್ದು. ಕ್ಯಾಮೆರಾದಲ್ಲಿ ಎಲೆ ಬಿಟ್ಟು ಬೇರೇನೂ ಇಲ್ಲ, ಕ್ಷಮಿಸಿ. ಅವು ನೆಲಕ್ಕೆ ಇಳಿಯುವುದು ಅಪರೂಪ. ಬದುಕೆಲ್ಲ ಮರದ ತುದಿಯಲ್ಲೇ. ಸಹ್ಯಾದ್ರಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿಯ ಸಂತತಿಗೆ ಉತ್ತರದ ಗಡಿ ಈ ಜಿಲ್ಲೆಯ ಕಾಡುಗಳೇ. 2011ರಲ್ಲಿ ಇವುಗಳಿಗಾಗಿಯೇ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು. ಇವಕ್ಕೆ ಉಪ್ಪಾಗೆ ಹಣ್ಣು ಇಷ್ಟ. ಮಳೆಗಾಲದಲ್ಲಿ ಅದೇ ಹಣ್ಣನ್ನು ಆರಿಸಿ, ಸಿಪ್ಪೆ ಒಣಗಿಸಿ ಮಾರುವ ಊರವರಿಗೂ ಇಷ್ಟ. ಮರ ಒಂದೇ, ಪಾಲುದಾರರು ಇಬ್ಬರು.

ಅದರ ಹಿಂದೆ ಕೇಳಿದ್ದು, ಹಳೆಯ ಉಗಿಬಂಡಿ ಹೊರಟಂತೆ ಹುಸ್ಸ್ ಹುಸ್ಸ್ ಎಂದದ್ದು, ದಾಸ ಮಂಗಟ್ಟೆ ಹಕ್ಕಿಯ ರೆಕ್ಕೆ. ಸ್ಥಳದಲ್ಲಿ ನನಗೆ ಅದು ಕೇಳಿಸಲೇ ಇಲ್ಲ. ನನ್ನ ಉಸಿರೇ ಅಷ್ಟು ಜೋರಾಗಿತ್ತು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತಾಗ ತಿಳಿಯಿತು, ನನ್ನ ತಲೆಯ ಮೇಲೆಯೇ ಹಾದುಹೋಗಿದೆ.

ಈ ಕಾಡಿನಲ್ಲಿ ಇನ್ನೊಂದು ಸದ್ದು ಇದ್ದ ಕಾಲವೊಂದಿತ್ತು, ಕೊಡಲಿಯದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಸಾಲ್ಕಣಿ ಇವತ್ತಿನ ನಮ್ಮ ದಾರಿಯಲ್ಲಿಲ್ಲ. ಆದರೂ ನೆರಳಿನಲ್ಲಿ ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗ ನೆನಪಾಯಿತು.

ಘಟ್ಟ ಮುಗಿದ ಮೇಲೆ ದಾರಿ ಏಳುಬೀಳಿನದು. ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅಲ್ಲೊಂದು ಇಲ್ಲೊಂದು ಮನೆ. ಇದು ಅಡಿಕೆ ಗೊನೆ ಕೊಯ್ಲಿನ ಕಾಲ. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ, ಚೊಗರಿನ ಒಗರು ವಾಸನೆ ರಸ್ತೆಯವರೆಗೂ. ನಿಲ್ಕುಂದ ದಾಟಿ ಒಂದು ಮನೆಯ ಉಣುಗೋಲಿನ ಬಳಿ ಬಾಟಲಿಗೆ ನೀರು ಕೇಳಲು ನಿಂತೆ. ಅಡಿಕೆ ಸುಲಿಯುತ್ತಿದ್ದ ಅಜ್ಜಿ ನನ್ನನ್ನೂ ಸೈಕಲ್ಲನ್ನೂ ನೋಡಿ, “ಆಸರಿಗೆ ಏನು ಕೊಡಲಿ ತಮ್ಮಾ?” ಎಂದರು. ಬಂದವರ ದಣಿವಾರಿಸುವ ಕುಡಿಯುವಿಕೆಗೆ ಇಲ್ಲಿಯ ಮಾತು ಅದು. ಮುರುಗಲಿನ ಪಾನಕ ಬಂತು, ಜತೆಗೆ ಬೆಲ್ಲದ ತುಂಡು. “ಎಲ್ಲಿಂದ ಬಂದದ್ದು?” ಕುಮಟಾದಿಂದ ಎಂದೆ. “ಬಸ್ಸು ಬರಲಿಲ್ಲವೇ ಇವತ್ತು?” ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಬೇಕೆಂದೇ ಹತ್ತಿದೆ ಅಜ್ಜಿ ಎಂದು ಹೇಳಲು ಬಾಯಿ ಬರಲಿಲ್ಲ. ತಪ್ಪಿಹೋಯಿತು ಎಂದೆ.

ಹೆಗ್ಗರಣಿಯಿಂದ ಉಂಚಳ್ಳಿ ಜಲಪಾತಕ್ಕೆ ಅಡ್ಡದಾರಿ. ಭಾನುವಾರ ಹೋಗಬೇಡಿ, ಅಂದು ಇದು ಕಾರುಗಳ ಜಾತ್ರೆ. ಅಘನಾಶಿನಿ ಇಲ್ಲಿ 116 ಮೀಟರ್ ಧುಮುಕುತ್ತದೆ. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಪತ್ತೆ ಮಾಡಿದನೆಂದು ಅವನ ಹೆಸರನ್ನೂ ಇದಕ್ಕೆ ಇಟ್ಟಿದ್ದರು. ಊರವರು ಕರೆಯುವುದು ಕೆಪ್ಪ ಜೋಗ ಎಂದು, ಹತ್ತಿರ ನಿಂತರೆ ಬೇರೇನೂ ಕೇಳಿಸದ ಕಾರಣಕ್ಕೆ. ಕಿವಿ ಕೆಪ್ಪಾಗಿಸುವಷ್ಟು ಸದ್ದು ಮಾಡುವುದನ್ನು ಪತ್ತೆ ಹಚ್ಚಲು ಸಾಹೇಬರೇ ಬರಬೇಕಾಯಿತೇ ಎಂದು ನನಗೆ ಪ್ರತಿ ಸಲ ನಗು ಬರುತ್ತದೆ. ಶರಾವತಿಯ ಜೋಗದಲ್ಲಿ ಎಷ್ಟು ನೀರು ಬೀಳಬೇಕೆಂದು ಲಿಂಗನಮಕ್ಕಿ ಅಣೆಕಟ್ಟು ತೀರ್ಮಾನಿಸುತ್ತದೆ. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಬೆಳಿಗ್ಗೆ ನಾನು ಹೊರಟ ಕುಮಟಾದ ಬಳಿ ಸಮುದ್ರ ಸೇರುತ್ತದೆ. ಅಂದರೆ ನದಿ ಇಳಿದದ್ದನ್ನು ನಾನು ಇವತ್ತು ಹತ್ತುತ್ತಿದ್ದೇನೆ. ಇಲ್ಲಿಯ ಧ್ವನಿಯನ್ನು ತುಸು ಕಡಿಮೆ ಮಾಡಿದ್ದೇನೆ, ನಿಮ್ಮ ಮನೆಯವರ ಮೇಲಿನ ಕರುಣೆಯಿಂದ.

ಸೈಕಲ್ ಬಗ್ಗೆ ಕೇಳುವವರಿಗೆ: ಟೈರು 35 ಮಿಲಿಮೀಟರ್ ಅಗಲದ್ದು, ಗಾಳಿ ತುಸು ಕಡಿಮೆ ಇರಲಿ, ಎರಡು ಟ್ಯೂಬ್ ಒಯ್ಯಿರಿ. ಬ್ರೇಕ್ ರಬ್ಬರ್ ಯಾವುದಾದರೂ ನಡೆಯುತ್ತದೆ, ಹತ್ತುವುದಾದರೆ.

ಹೆಗ್ಗರಣಿಯಿಂದ ಅಮ್ಮಿನಳ್ಳಿಯವರೆಗೆ ಬಿಸಿಲು ಓರೆಯಾಗಿ ಮರಗಳ ನಡುವೆ ಬೀಳುತ್ತಿತ್ತು. ದನಗಳು ಮನೆಗೆ ಮರಳುವ ಹೊತ್ತು. ಕೊರಳ ಗಂಟೆಯ ಸದ್ದು ಒಂದಷ್ಟು ದೂರ ಜತೆಗೇ ಬಂತು, ನನ್ನ ವೇಗವೂ ಅವುಗಳ ವೇಗವೂ ಹೆಚ್ಚುಕಡಿಮೆ ಒಂದೇ. ಒಂದು ಕರು ನನ್ನನ್ನು ಹಿಂದಿಕ್ಕಿತು. ಅದು ವಿಡಿಯೊದಲ್ಲಿ ಇದೆ, ಕತ್ತರಿಸಿಲ್ಲ.

ಅಮ್ಮಿನಳ್ಳಿಯಲ್ಲಿ ಹೆದ್ದಾರಿ. ಮುಂದಿನ ಚಕ್ರ ಅದಕ್ಕೆ ತಾಗಿತೋ ಇಲ್ಲವೋ, ಬೆನ್ನ ಹಿಂದೆ ಒಂದು ಹಾರ್ನ್. ಬೆಳಗಿನಿಂದ ಕೇಳಿದ ಸದ್ದುಗಳಲ್ಲಿ ಯಾರದೆಂದು ಯೋಚಿಸಬೇಕಾಗದೇ ಇದ್ದದ್ದು ಇದೊಂದೇ. ಶಿರಸಿ ಇನ್ನೂ ಮುಂದಿದೆ, ಹೋಗುತ್ತೇನೆ. ಮೈಕನ್ನು ಮಾತ್ರ ಇಲ್ಲಿಯೇ ಬಂದ್ ಮಾಡಿದೆ.