ಚಿಕ್ಕ ಕಾರಿಗೆ ದುಬಾರಿ ಪೆಟ್ರೋಲ್ ಬೇಕಾ?

ಕೇಳುಗರಿಗೆ ನಮಸ್ಕಾರ. ಚಿಕ್ಕ ಕಾರು ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. ಹೈ ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಎಂಜಿನ್‌ಗೆ ಒಳ್ಳೇದಾ? ಉತ್ತರ ಈಗಲೇ ಹೇಳಿಬಿಡುತ್ತೇನೆ. ಟ್ಯಾಂಕಿನ ಮುಚ್ಚಳದ ಹತ್ತಿರ ಅಥವಾ ಕಾರಿನ ಕೈಪಿಡಿಯಲ್ಲಿ ಒಂದು ಆಕ್ಟೇನ್ ಸಂಖ್ಯೆ ಇರುತ್ತದೆ. ಅದನ್ನು ಓದಿ. ಅಷ್ಟಿದ್ದರೆ ಸಾಕು.

ಆಕ್ಟೇನ್ ಅಂದರೆ ಶಕ್ತಿ ಅಲ್ಲ. ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿ ಮತ್ತು ಪೆಟ್ರೋಲನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ ಜಾಸ್ತಿ. ಪ್ಲಗ್ ಹೊತ್ತಿಸಿದ ಬೆಂಕಿ ಬಂದು ಮುಟ್ಟುವ ಮೊದಲೇ ಮೂಲೆಯ ಮಿಶ್ರಣ ತಾನಾಗೇ ಸಿಡಿದರೆ ಟಣಟಣ ಸದ್ದು ಬರುತ್ತದೆ. ಅದೇ ನಾಕಿಂಗ್. ಹಾಗೆ ಸಿಡಿಯದೆ ತಡೆದುಕೊಳ್ಳುವ ಗುಣವೇ ಆಕ್ಟೇನ್. 91 ಸಾಕು ಅಂತ ಮಾಡಿದ ಎಂಜಿನ್‌ಗೆ 98 ಹಾಕಿಸುವುದು ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿದ ಹಾಗೆ.

ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಒಮ್ಮೆ ಜಗಳಕ್ಕೇ ಬಂದರು. "ನೀವು ಸುಮ್ನೆ ಬೇಡ ಅಂತೀರಿ. ದುಬಾರಿ ಪೆಟ್ರೋಲ್ ಹಾಕಿಸಿದ್ಮೇಲೆ ಗಾಡಿ ಹೇಗೆ ಎಳೀತಿದೆ ಗೊತ್ತಾ?"

"ಯಾವಾಗಿಂದ ಸರ್?"

"ಸರ್ವೀಸ್ ಆದಾಗಿಂದ."

ಸರ್ವೀಸ್ ಬಿಲ್ ತೋರಿಸಿ ಅಂದೆ. ಹೊಸ ಏರ್ ಫಿಲ್ಟರ್, ಹೊಸ ಪ್ಲಗ್‌ಗಳು. ನಾಲ್ಕೂ ಟೈರಿಗೆ ಗಾಳಿ ಬೇರೆ ತುಂಬಿಸಿದ್ದರು! ಮುಂದಿನ ಸಲ ಮಾಮೂಲಿ ಪೆಟ್ರೋಲ್ ಹಾಕಿಸಿ ನೋಡಿ ಅಂದೆ. ಮುಖ ಊದಿಸಿಕೊಂಡೇ ಹೋದರು. ಆಮೇಲೆ ಸಿಕ್ಕಾಗ ಪಿಕಪ್ ಹೇಗಿದೆ ಅಂತ ಕೇಳಿದೆ. "ಹಾಗೇ ಇದೆ ಕಣ್ರೀ. ಆದ್ರೂ ದುಬಾರಿದು ಒಳ್ಳೇದಲ್ವಾ?" ಇದಕ್ಕೆ ನಾನೇನು ಹೇಳಲಿ?

ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. ಕೆಲವು ಚಿಕ್ಕ ಟರ್ಬೊ ಎಂಜಿನ್‌ಗಳಿಗೆ, ಅಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬಿಸುವ ಎಂಜಿನ್‌ಗಳಿಗೆ, ಹೆಚ್ಚು ಆಕ್ಟೇನ್ ಬೇಕೇ ಬೇಕು. 95 ಅಂತ ಬರೆದಿದ್ದರೆ 95 ಹಾಕಿಸಿ. ಕಡಿಮೆಯದು ಹಾಕಿದರೆ ನಾಕ್ ಸೆನ್ಸರ್ ಸದ್ದು ಹಿಡಿಯುತ್ತದೆ, ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ, ಎಳೆತ ತಗ್ಗುತ್ತದೆ. ಇನ್ನು, ಎಂಜಿನ್ ಒಳಗೆ ಕೊಳೆ ತೊಳೆಯುವುದು ಪೆಟ್ರೋಲಿಗೆ ಸೇರಿಸುವ ಬೇರೆ ರಾಸಾಯನಿಕ. ಅದು ಆಕ್ಟೇನ್ ಕೆಲಸ ಅಲ್ಲ.

ಬರೆದಷ್ಟು ಆಕ್ಟೇನ್ ಹಾಕಿಸಿದರೂ ಏರು ಹತ್ತುವಾಗ ಟಣಟಣ ಅಂದರೆ, ದುಬಾರಿ ಪೆಟ್ರೋಲ್ ಸುರಿದು ಸದ್ದು ಮುಚ್ಚಬೇಡಿ. ಮೆಕ್ಯಾನಿಕ್‌ಗೆ ತೋರಿಸಿ. ಸಿಲಿಂಡರ್‌ನಲ್ಲಿ ಕಾರ್ಬನ್ ಕಟ್ಟಿರಬಹುದು, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿರಬಹುದು. ನಮಸ್ಕಾರ.