ಒಂದ್ ಬಟನ್ ನಂಗ ಕೊಡೋ

ನಮಸ್ಕಾರ್ರೀ ಎಲ್ಲಾರಿಗೂ. ಊಟಾ ಆತಿಲ್ಲೋ? ಇವತ್ತ ನಾ ಮಾತಾಡಾಕ ಬಂದಿದ್ದು ಭಾರಿ ದೊಡ್ಡ ವಿಷಯ ಏನಲ್ಲ, ವಿಡಿಯೋ ಗೇಮ್ ಅಂಗಡಿ ಬಗ್ಗೆ. ನಗಬ್ಯಾಡ್ರಿ. ನಮ್ಮಪ್ಪ ಇದ್ದಿದ್ರ ‘ಇದಕ್ಕೂ ರೇಡಿಯೋದಾಗ ಕರೀತಾರೇನ್ಲೇ’ ಅಂತಿದ್ದ, ಯಾಕಂದ್ರ ಆ ಅಂಗಡಿ ಬಾಗಲದಿಂದ ನನ್ನ ಕಿವಿ ಹಿಡ್ಕೊಂಡ್ ಮನೀತನಕ ಎಳ್ಕೊಂಡ್ ಬಂದಾವ ಅವನ.

ನಾ ಬೆಳದಿದ್ದು ಹಳೇ ಬಾಗಲಕೋಟ್ಯಾಗ. ನವನಗರ ಅಲ್ರಿ, ಹಳೇದು. ಕಿಲ್ಲಾ, ಹಳಪೇಟಿ, ವೆಂಕಟಪೇಟಿ, ಹೋಳಿ ಹುಣ್ಣಿವಿಗೆ ಬ್ಯಾರಲ್ ತುಂಬ ಬಣ್ಣಾ ಹೇರ್ಕೊಂಡ್ ಗಾಡಿ ಹೊಂಡ್ತಾವಲ್ಲ, ಆ ಬಾಗಲಕೋಟಿ. ಅಲ್ಲಿ ಒಂದ್ ಸಂದಿ, ಎದುರಾಎದುರ ಎರಡ್ ಸೈಕಲ್ ಬಂದ್ರ ಒಂದು ಹಿಂದ ಸರೀಬೇಕು, ಅಂಥಾ ಸಂದ್ಯಾಗ ಹಿಟ್ಟಿನ ಗಿರಣಿ, ಗಿರಣಿ ಬಾಜೂಕ ನಮ್ಮ ಗೇಮಿನ ಅಂಗಡಿ. ಬೋರ್ಡ್ ಇಲ್ಲ, ಹೆಸರಿಲ್ಲ, ಬಾಗಲಕ್ಕ ಒಂದ್ ಹರಕ ಪಡದಾ, ಒಳಗ ನಾಕ್ ಮಶೀನು. 90ರ ದಶಕದ ನಡುವಿನ ಮಾತಿದು. ಮಶೀನ್ ಅಂದ್ರ ಏನು, ಪ್ಲೈವುಡ್ ಡಬ್ಬಿ, ಅದರೊಳಗ ಒಂದ್ ಟಿವಿ ಪೆಟಗಿ, ಮುಂದ ಹ್ಯಾಂಡಲ್ಲು, ನಾಕೈದು ಬಟನ್ನು. ಗಿರಣಿಯಂವ ಮೋಟರ್ ಚಾಲೂ ಮಾಡಿದ ಕೂಡ್ಲೇ ವೋಲ್ಟೇಜ್ ಇಳೀತಿತ್ತು, ಟಿವ್ಯಾಗಿನ ಚಿತ್ರ ನಾಕೂ ಕಡಿಂದ ಮುದುಡ್ಕೊಂಡ್ ಸಣ್ಣ ಆಗಿ ನಡಗತಿತ್ತು, ಅಷ್ಟೊತ್ತಿಗೆ ನಾವು ಬಾಸ್, ಅಂದ್ರ ಸ್ಟೇಜಿನ ಕೊನೀಗೆ ಬರೋ ದೊಡ್ಡ ವೈರಿ, ಅವನ ಮುಂದ ನಿಂತಿರ್ತಿದ್ವಿ. ಯಾರದೋ ಮನಿ ಜ್ವಾಳದ ಹಿಟ್ಟಿಗೆ ನಮ್ಮ ಲೈಫ್ ಹೋಗ್ತಿತ್ತು. ಬಟನ್ ಮ್ಯಾಗ ಹಿಟ್ಟಿನ ಧೂಳಾ ಬಿದ್ದು ಬೆರಳು ಬೆಳ್ಳಗ ಆಗ್ತಿದ್ವು, ಮನಿಗೆ ಹೋದ್ರ ಅವ್ವ ಕೈ ನೋಡೇ ಕಂಡಹಿಡೀತಿದ್ಲು.

ಅಲ್ಲಿ ಎಲ್ಲಾರಿಗೂ ಬೇಕಾಗಿದ್ದ ಆಟ ಒಂದ, ಮುಸ್ತಫಾ. ಈಗ 40 ದಾಟಿದವ್ರಿಗೆ ಈ ಹೆಸರ ಕೇಳಿದ್ರ ಸಾಕು, ಮಾರಿ ಅರಳತೈತಿ. ಖರೇ ಅಂದ್ರ ಆ ಆಟದ ಹೆಸರು ಮುಸ್ತಫಾ ಅಲ್ಲ, ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಅಂತ, ಜಪಾನದ ಕ್ಯಾಪ್‌ಕಾಮ್ ಕಂಪನಿ 1993ರಾಗ ಮಾಡಿದ್ದು. ನಾಕ್ ಮಂದಿ ಹೀರೋ ಅದರಾಗ, ಜಾಕ್, ಹನ್ನಾ, ಮೆಸ್, ಮುಸ್ತಫಾ. ಹಳದಿ ಟೋಪಿಯಂವ ಮುಸ್ತಫಾ, ಓಡಿ ಬಂದ್ ಜಾಡಿಸಿ ಒದೀತಿದ್ದ, ಅಂವಾ ನಮ್ಮಂವಾ ಅನ್ನಿಸಿ ಆಟಕ್ಕೂ ಅವನ ಹೆಸರ ಇಟ್ಟಬಿಟ್ವಿ, ಮೆಸ್‌ಗೆ ‘ಢೊಳ್ಳ’ ಅಂತಿದ್ವಿ. ಇಡೀ ದೇಶದ ಹುಡುಗೂರು ಹೆಂಗ ಒಬ್ಬರಿಗೊಬ್ರು ಕೇಳದನ ಇದಕ್ಕ ಮುಸ್ತಫಾ ಅಂದ್ರು ಅಂತ ನಂಗ ಇನ್ನಾ ಆಶ್ಚರ್ಯ. ಮೂರನೇ ಸ್ಟೇಜಿನ್ಯಾಗ ಕಾರ್ ಸಿಗತೈತಿ, ಆ ಕಾರ್ ಬರೋತನಕ ಒಂದ ರೂಪಾಯ್ದಾಗ ಮುಟ್ಟಿದಂವ ಗಲ್ಲ್ಯಾಗ ಎದಿ ಉಬ್ಬಿಸಿ ಅಡ್ಡಾಡತಿದ್ದ.

ನನ್ ಕಡೆ ದಿನಾ ರೂಪಾಯಿ ಇರ್ತಿರಲಿಲ್ರಿ. ವಾರಕ್ಕ ಒಂದೋ ಎರಡೋ. ಹಂಗಾಗಿ ನಾ ಆಡಿದ್ದಕ್ಕಿಂತ ನೋಡಿದ್ದ ಜಾಸ್ತಿ. ಆಡೋಂವ ಒಬ್ಬ, ಅವನ ಹೆಗಲ ಮ್ಯಾಗ ಗದ್ದ ಇಟ್ಕೊಂಡ್ ಏಳೆಂಟ್ ಮಂದಿ, ‘ಲೇ ಹಿಂದ ಬಂದಾನ ನೋಡು’, ‘ಪೀಪಾಯಿ ಒಡಿ, ಅದರಾಗ ಊಟಾ ಐತಿ’, ಎಲ್ಲಾ ಪುಕ್ಕಟೆ ಸಲಹಾ. ಆಡೋಂವ ಸೋತರ ಬೈಗಳ ನಮಗ, ಗೆದ್ದರ ನಾವ ಗೆಲ್ಸಿದ್ವಿ ಅಂತ ಊರೆಲ್ಲಾ ಹೇಳ್ಕೊಂಡ್ ಬರ್ತಿದ್ವಿ. ಇದಕ್ಕಿಂತ ಒಂದ್ ಹೆಜ್ಜಿ ಮ್ಯಾಲ ಇನ್ನೊಂದ್ ಪದ್ಧತಿ ಇತ್ತು, ಪಾಲಿನ ಆಟ. ಇಬ್ಬರೂ ಎಂಟಾಣೆ ಎಂಟಾಣೆ ಹಾಕೋದು, ಅಂಗಡಿ ನಡಸೋ ಕಾಕಾನ ಗಲ್ಲಾದಾಗ ಕೊಟ್ಟು ಒಂದ್ ರೂಪಾಯಿ ಬಿಲ್ಲೆ ತಗೊಳ್ಳೋದು, ಒಬ್ಬಂವ ಹ್ಯಾಂಡಲ್ ಹಿಡೀಬೇಕು ಇನ್ನೊಬ್ಬಂವ ಬಟನ್ ಒತ್ತಬೇಕು. ಮುಸ್ತಫಾ ಒಬ್ಬನ, ಅವನ ಕಾಲು ಒಬ್ಬನ ಕೈಯಾಗ, ಕೈ ಇನ್ನೊಬ್ಬನ ಕೈಯಾಗ. ಅಂವಾ ಮುಂದ ಹೋಗಿರ್ತಿದ್ದ, ನಾ ಒದ್ದಿರ್ತಿರಲಿಲ್ಲ. ನಾ ಜಿಗದಿರ್ತಿದ್ದೆ, ಅಂವಾ ಹಿಂದ ತಿರುಗಿರ್ತಿದ್ದ. ಅಲ್ಲೇ ಜಗಳ ಆಗಿ ಕಪಾಳಕ್ಕ ಹೊಡದಾಡಿದ್ದೂ ಐತಿ, ಅಷ್ಟರಾಗ ಡೈನೋಸಾರ್ ಮುಸ್ತಫಾನ್ನ ಮುಗಿಸಿಬಿಟ್ಟಿರ್ತಿತ್ತು. ಮತ್ತ ಎಂಟಾಣೆನೂ ಇಲ್ದಂವ ಹಿಂದ ನಿಂತ್ಕೊಂಡ್ ಗೋಗರೀತಿದ್ದ, ‘ಒಂದ್ ಬಟನ್ ನಂಗ ಕೊಡೋ, ಬರೇ ಜಿಗಿಯೋ ಬಟನ್ ಕೊಡು ಸಾಕು’ ಅಂತ. ಆ ಧ್ವನಿ ಬಹಳ ಸಲ ನಂದ ಇರ್ತಿತ್ತು.

ಕರೆಂಟಿನ ಕಥಿ ಹೇಳದಿದ್ರ ಈ ಮಾತ ಪೂರಾ ಆಗೂದಿಲ್ಲ. ಲೋಡ್ ಶೆಡ್ಡಿಂಗ್ ಕಾಲ ಅದು. ಏಳನೇ ಸ್ಟೇಜಿಗೆ ಹೋಗಿರ್ತಿದ್ವಿ, ಟಪ್ ಅಂತ ಕತ್ತಲಿ. ಕಾಕಾ ಎಂದೂ ಬಿಲ್ಲೆ ವಾಪಸ್ ಕೊಟ್ಟಾಂವ ಅಲ್ಲ, ‘ಕರೆಂಟ್ ನಾ ತಗದೇನೇನ್ಲೇ, ಹೆಸ್ಕಾಂದವ್ರನ್ನ ಹೋಗಿ ಕೇಳು’ ಅಂತಿದ್ದ, ಅಲ್ಲ, ಆಗಿನ್ನಾ ಹೆಸ್ಕಾಂ ಇರಲಿಲ್ಲ, ಕೆಇಬಿ ಅಂತಿದ್ವಿ, ನೋಡ್ರಿ ನೆನಪೂ ಈಗಿನ ಹೆಸರಿಗೆ ಹೊಂದಕೊಂಡಬಿಟ್ಟಾವು. ಸೇಡು ತೀರಿಸಿಕೊಳ್ಳಾಕ ನಮ್ಮ ದೋಸ್ತ ಒಬ್ಬಂವ ಮನೀಂದ ಗ್ಯಾಸ್ ಹಚ್ಚೋ ಲೈಟರ್ ಕದ್ದು ತಂದ, ಬಿಲ್ಲೆ ಹಾಕೋ ಕಿಂಡಿ ಹತ್ರ ಟಿಕ್ ಅಂದ್ರ ಕಿಡಿ ಹಾರತೈತಲ್ಲ, ಆ ಶಾಕಿಗೆ ಮಶೀನ್ ಪಾಪ ರೂಪಾಯಿ ಬಿತ್ತು ಅಂತ ತಿಳ್ಕೊಂಡ್ ಕ್ರೆಡಿಟ್ ಏರಸ್ತಿತ್ತು. ಹನ್ನೊಂದ್ ಕ್ರೆಡಿಟ್ ಏರಿಸಿದ್ವಿ ಅವತ್ತು. ಹನ್ನೆರಡನೇದಕ್ಕ ಕಾಕಾನ ಕೈ ನಮ್ಮ ಕುತಗಿ ಮ್ಯಾಗ.

ಈಗ ಸ್ವಲ್ಪ ಹೊರಗಿನ ಜಗತ್ತಿಗೆ ಹೋಗಿ ಬರೋಣ. ಈ ಆಟದ ಅಂಗಡಿ ಅನ್ನೋದಕ್ಕ ಖರೇ ಹುಚ್ಚು ಹಿಡಿಸಿದ್ದು 1978ರಾಗ, ಜಪಾನದ ಟೈಟೋ ಕಂಪನಿಯ ‘ಸ್ಪೇಸ್ ಇನ್ವೇಡರ್ಸ್’. ಟೊಮೊಹಿರೊ ನಿಶಿಕಾಡೊ ಅನ್ನೋರು ಮಾಡಿದ್ದು. ಐದ್ ಸಾಲು, ಸಾಲಿಗೆ 11, ಒಟ್ಟ 55 ಪ್ರಾಣಿ ಮ್ಯಾಲಿಂದ ಇಳೀತಾವು, ಹೊಡೀತಾ ಹೋದಂಗ ಉಳದವು ಜೋರಾಗಿ ಓಡ್ತಾವು. ಅದನ್ನ ಬೇಕಂತ ಮಾಡಿದ್ದಲ್ಲಂತ, ಆಗಿನ ಪ್ರೊಸೆಸರ್‌ಗೆ 55 ಚಿತ್ರ ಒಮ್ಮೆಲೇ ಬರಿಯೂದು ಭಾರ ಆಗ್ತಿತ್ತು, ಕಡಿಮಿ ಆದಂಗ ಹಗರ ಆಗಿ ಓಡ್ತಿತ್ತು, ನಿಶಿಕಾಡೊ ಅವರು ನೋಡಿದ್ರು, ಮಜಾ ಐತಿ ಅಂತ ಹಂಗ ಬಿಟ್ರು. 1980ಕ್ಕ ಪ್ಯಾಕ್‌ಮನ್ ಬಂತು, 1991ಕ್ಕ ಸ್ಟ್ರೀಟ್ ಫೈಟರ್ 2 ಬಂತು, ಅದರಾಗ ಕೈ ಉದ್ದ ಮಾಡಿ ಹೊಡಿಯೋ ನಮ್ಮ ದೇಶದ ಯೋಗಿ ಧಾಲ್ಸಿಮ್ ಇದ್ದ. 1994ರ ಡಿಸೆಂಬರ್‌ಗೆ ಜಪಾನದಾಗ ಸೋನಿ ಪ್ಲೇಸ್ಟೇಶನ್ ಬಂತು, ಅಂಗಡಿಗೆ ಹೋಗಿ ನೋಡಬೇಕಾಗಿದ್ದು ಮನಿ ಟಿವಿಗೇ ಬಂತು. ಅಲ್ಲಿಂದ ಇಳಿಜಾರ.

ಆದ್ರ ಈ ಅಂಗಡಿ ಮುಚ್ಚಾಕ ನಂಗ ಭಾಳ ಹಿಡಿಸಿದ ಕಾರಣ ಬ್ಯಾರೇ ಒಂದೈತಿ, ಚಿಲ್ಲರಿ ಕಾರಣ. ಜಪಾನದಾಗ ಒಂದ್ ಆಟಕ್ಕ 100 ಯೆನ್ ನಾಣ್ಯ, ಬಹಳ ವರ್ಷದಿಂದ್ಲೂ ಹೆಚ್ಚಾಗಿ ಅಷ್ಟ. ಅಲ್ಲಿ ಸರ್ಕಾರ 1989ರಾಗ ಮಾರಾಟದ ಮ್ಯಾಗ 3 ಪರ್ಸೆಂಟ್ ಟ್ಯಾಕ್ಸ್ ಹಾಕ್ತು, 1997ಕ್ಕ 5 ಆತು, 2014ಕ್ಕ 8, 2019ಕ್ಕ 10. ಚಹಾದಂಗಡಿಯಂವ ಎರಡ್ ರೂಪಾಯಿ ಏರಸಬಹುದು, ಮಶೀನಿನ ಕಿಂಡಿಗೆ 110 ಯೆನ್ ನಾಣ್ಯ ಎಲ್ಲಿಂದ ತರ್ತೀರಿ? 100 ಬಿಟ್ರ ಮುಂದ 200. ಹಂಗಾಗಿ ಏರಿದ ಟ್ಯಾಕ್ಸ್ ಎಲ್ಲಾ ಅಂಗಡಿಯವನ ಕಿಸೇದಿಂದ. ಅದರ ಮ್ಯಾಗ ಕೊರೊನಾ ಬಂತು. ಸೆಗಾ ಅಂದ್ರ ಏನ್ ಸಣ್ಣ ಗೇಮ್ ಕಂಪನಿಯೇನ್ರಿ, ಅದ ತನ್ನ ಆಟದ ಅಂಗಡಿ ಧಂದೇದಾಗ 85 ಪರ್ಸೆಂಟ್ ಮ್ಯಾಲ 2020ರಾಗ ಮಾರ್ತು, 2022ಕ್ಕ ಉಳದದ್ದೂ ಮಾರಿ ಅಂಗಡಿ ಮ್ಯಾಲಿನ ಸೆಗಾ ಅನ್ನೋ ಬೋರ್ಡೂ ಇಳಿಸಿದ್ರು. ನಮ್ಮ ಕಾಕಾಂದೂ ಅದ ಗೋಳು. ಅಂವಾ ರೂಪಾಯಿ ಆಟ ಎರಡ್ ರೂಪಾಯಿ ಮಾಡಿದ ದಿನ ನಾವೆಲ್ಲಾ ಸೇರಿ ಒಂದ್ ವಾರ ಅಂಗಡಿಗೆ ಹೋಗಲಿಲ್ಲ. ಎಂಟನೇ ದಿನ ನಾವ ಸೋತು ಹೋದ್ವಿ ಅದು ಬ್ಯಾರೇ ಮಾತು, ಆದ್ರ ಪಾಲಿನ ಆಟಕ್ಕ ಇಬ್ಬರಿದ್ದಲ್ಲಿ ನಾಕ್ ಮಂದಿ ಆದ್ವಿ.

ಮುಂದ ಊರಿಗೆ ಟಿವಿ ಗೇಮ್ ಬಂದ್ವು, ತಾಸಿಗೆ ಇಷ್ಟು ಅಂತ ಸೈಬರ್ ಕೆಫೆ ಬಂದ್ವು, ಆಮ್ಯಾಲ ಮೊಬೈಲ್, ಅದು ನಿಮಗ ಗೊತ್ತಿದ್ದದ್ದ. ಎಲ್ಲಾ ಊರಾಗೂ ಆರ್ಕೇಡ್, ಅಂದ್ರ ಇಂಥಾ ಗೇಮಿನ ಅಂಗಡಿ, ಸತ್ತಿದ್ದು ಹಿಂಗ ಅಂತಾರ. ನಮ್ಮ ಊರಾಗ ಮಾತ್ರ ಇದಕ್ಕೆಲ್ಲಾ ಮೊದಲ ನೀರ ಬಂತು. ಆಲಮಟ್ಟಿ ಡ್ಯಾಮಿನ ಹಿನ್ನೀರು. ‘ಮುಳಗಡೆ’ ಅನ್ನೋ ಶಬ್ದ ಬಾಗಲಕೋಟ್ಯಾಗ ಹುಟ್ಟಿದ ಕೂಸಿಗೂ ಗೊತ್ತು. ಇಂಥಾ ಮಟ್ಟದ ಕೆಳಗಿನ ಮನಿ ಎಲ್ಲಾ ಹೋಗ್ತಾವು ಅಂತ ಗ್ವಾಡಿ ಮ್ಯಾಗ ನಂಬರ್ ಬರದು ಹೋದ್ರು, ಪರಿಹಾರ, ಸೈಟು, ಸೆಕ್ಟರು, ದೊಡ್ಡವರ ಬಾಯಾಗ ಬ್ಯಾರೇ ಮಾತ ಇರಲಿಲ್ಲ. ನಮ್ಮ ಸಂದೀನೂ ಹೋತು, ಗಿರಣೀನೂ ಹೋತು. ನಾವು ನವನಗರದ ಒಂದ್ ಸೆಕ್ಟರ್‌ಗೆ ಬಂದ್ವಿ, ಹ್ಯಾಂಡಲ್ ಹಿಡಿಯೋ ದೋಸ್ತ ಇನ್ನೊಂದ್ ಸೆಕ್ಟರ್‌ಗೆ, ಲೈಟರ್ ತಂದಾಂವ ಅವರ ಮಾವನ ಊರು ವಿಜಯಪುರಕ್ಕ. ನವನಗರ ಚಲೋ ಊರ್ರಿ, ಅಗಲ ರಸ್ತಾ, ಗಾಳಿ ಬೆಳಕು, ನಾ ಏನ್ ಹೆಸರಿಡಂಗಿಲ್ಲ. ಆದ್ರ ಅಷ್ಟ ಅಗಲ ರಸ್ತಾದಾಗ ಗೇಮಿನ ಅಂಗಡಿ ಬದುಕೂದಿಲ್ಲ. ಸಾಲಿ ಬಿಟ್ಟ ಹುಡುಗ ಕಾಲಾಡಿಸ್ತ ಹೋಗುವಾಗ ಪಡದಾ ಸಂದ್ಯಾಗಿಂದ ಮುಸ್ತಫಾನ ಧ್ವನಿ ಕೇಳಿ ತಾನ ಒಳಗ ಹೋಗಬೇಕು, ಬಸ್ ಹತ್ತಿ ಟಿಕೆಟ್ ತಗದು ಯಾರ ಬರ್ತಾರ ಪಕ್ಕದವನ ಆಟ ನೋಡಾಕ? ಕಾಕಾ ಹೊಸ ಊರಾಗ ಒಂದ್ ವರ್ಷ ಎರಡ್ ಮಶೀನ್ ಇಟ್ಟಿದ್ದ, ಆಮ್ಯಾಲ ಅದ ಜಾಗದಾಗ ಎಸ್‌ಟಿಡಿ ಬೂತ್ ಹಾಕಿದ. ಪ್ಲೈವುಡ್ ಡಬ್ಬಿ ಏನಾದ್ವು ಅಂತ ಒಮ್ಮೆ ಕೇಳಿದೆ, ಒಂದ್ ಕೋಳಿ ಗೂಡಾಗೈತಿ ಅಂದ, ಇನ್ನೊಂದರದು ಹೇಳಲಿಲ್ಲ.

ಆಟ ಕಳದಿಲ್ಲ ನೋಡ್ರಿ. 1997ರಾಗ ಇಟಲಿಯ ನಿಕೋಲಾ ಸಾಲ್ಮೊರಿಯಾ ಅನ್ನೋರು ಮೇಮ್ ಅಂತ ಒಂದ್ ಸಾಫ್ಟ್‌ವೇರ್ ಹೊರಗ ತಂದ್ರು, ಹಳೇ ಮಶೀನಿನ ಆಟ ಕಂಪ್ಯೂಟರ್‌ನ್ಯಾಗ ಆಡಸೂದು, ಈಗ ಅಂಥಾದ್ದ ಫೋನಿನ್ಯಾಗೂ ಓಡತೈತಿ. ನನ್ ಫೋನಿನ್ಯಾಗ ಮುಸ್ತಫಾ ಅದಾನ. ರೂಪಾಯಿ ಬದಲಿಗೆ ಕಾಯಿನ್ ಅಂತ ಒಂದ್ ಬಟನ್ ಐತಿ, ಒತ್ತಿದಷ್ಟೂ ಕ್ರೆಡಿಟ್ ಏರತೈತಿ, ಲೈಟರ್ ಬೇಕಾಗಿಲ್ಲ. ಮೊದಲ ಸಲ ಹಂಗ ಒತ್ತಿ ಒತ್ತಿ ಎಂಟೂ ಸ್ಟೇಜ್ ಮುಗಿಸಿದೆ, ಹುಡುಗಿದ್ದಾಗ ಎಂದೂ ಕಾಣದ ಕೊನೀ ಬಾಸ್‌ನ ಕಂಡೆ. ಏನೂ ಅನ್ನಿಸಲಿಲ್ಲ. ಹಿಟ್ಟಿಲ್ದ ಬೆರಳು ನೋಡ್ಕೊಂಡ್ ಕುಂತೆ.

ನನ್ ಮಗ ಆಟ ಆಡೂದಕ್ಕಿಂತ ಯೂಟ್ಯೂಬ್‌ನ್ಯಾಗ ಬ್ಯಾರೇಯವ್ರು ಆಡೂದು ನೋಡೂದ ಜಾಸ್ತಿ. ‘ಅಂವಾ ಆಡ್ತಾನ, ನೀ ಯಾಕ ನೋಡ್ತಿ, ಬುದ್ಧಿ ಇಲ್ಲೇನು’ ಅಂತ ಬೈದೆ ಒಂದಿನ. ಬೈದು ಮುಗಿಸಿದ ಮ್ಯಾಲ ನನ್ನ ಕಿವಿ ನಾನ ಮುಟ್ಟಿ ನೋಡ್ಕೊಂಡೆ, ಅಪ್ಪ ಹಿಡೀತಿದ್ದ ಕಿವಿ. ಅಂವಾ ನೋಡ್ತಾನ, ಖರೇ, ಆದ್ರ ಅಲ್ಲಿ ಆಡೋನ ಹೆಗಲ ಇಲ್ಲ ಇವಂಗ ಗದ್ದ ಇಡಾಕ, ಬಟನ್ ಕೇಳಿದ್ರ ಕೊಡೋರಿಲ್ಲ.

ಹೋದ ತಿಂಗಳ ಒಂದ್ ಸಂಜಿಮುಂದ ಮಳಿ ಬಂದು ಕರೆಂಟ್ ಹೋತು, ವೈಫೈ ಹೋತು, ಟಿವಿ ಬಂದ್. ಅಂವಾ ಬ್ಯಾಸರಾಗಿ ಬಂದು ನನ್ ಬಾಜೂಕ ಕುಂತ. ಫೋನ್ ಅಡ್ಡ ಹಿಡದು ಹೇಳ್ದೆ, ಹ್ಯಾಂಡಲ್ ನೀ ಹಿಡಿ, ಬಟನ್ ನಾ ಒತ್ತತೀನಿ, ಮೂರ ಕಾಯಿನ್, ನಾಕನೇದು ಇಲ್ಲ. ‘ಅಪ್ಪಾ ಅದು ಫ್ರೀ ಐತಿ, ಎಷ್ಟ ಬೇಕಾದ್ರೂ ಹಾಕಬಹುದು’ ಅಂದ. ಇಲ್ಲ ಅಂದೆ ಇಲ್ಲ. ಮೊದಲೆರಡು ಕಾಯಿನ್ ಜಗಳದಾಗ ಹೋದ್ವು, ಅಂವಾ ಹೋದ ಕಡೆ ನಾ ಒದೀಲಿಲ್ಲ, ನಾ ಜಿಗದಲ್ಲಿ ಅಂವಾ ತಿರುಗಿದ. ಮೂರನೇದಕ್ಕ ಇಬ್ಬರ ಕೈ ಕೂಡ್ತು, ಮೂರನೇ ಸ್ಟೇಜಿಗೆ ಹೋದ್ವಿ, ಕಾರ್ ಬಂತು, ಕತ್ತಲ್ಯಾಗ ಇಬ್ಬರೂ ಒದರಾಕತ್ತಿದ್ವಿ, ಒಳಗಿಂದ ನಮ್ಮ ಮನಿಯಾಕಿ ಏನಾತು ಅಂತ ಮೇಣಬತ್ತಿ ಹಿಡ್ಕೊಂಡ್ ಬಂದ್ಲು.

ಅಷ್ಟರಾಗ ಕರೆಂಟ್ ಬಂತು. ಅಂವಾ ಹ್ಯಾಂಡಲ್ ಬಿಟ್ಟು ಟಿವಿ ಕಡೆ ಓಡಿದ. ಸ್ಟೇಜ್ ಇನ್ನಾ ಅರ್ಧ ಇತ್ತು, ನನ್ನ ಹೆಬ್ಬಟ್ಟು ಬಟನ್ ಮ್ಯಾಗ ಇತ್ತು, ಕಾರ್ ತಂದ ಪಾಡಿಗೆ ತಾ ಹೋಗಾಕತ್ತಿತ್ತು.

ಬರ್ತೀನ್ರಿ, ನಮಸ್ಕಾರ.